ಮದುವೆ ರವಿಕೆಗೆ ಬಿದ್ದ ಬೀಗ

ಶುಂಠಿ ತೊಳೆಯೋಕೆ ಹೋದ ಕಾಳಮ್ಮ ಫೋನನ್ನೂ ತೊಳೆದುಬಿಟ್ಟಳು! ಸೊಂಟಕ್ಕೆ ಸಿಕ್ಕಿಸಿದ್ದು, ಬಗ್ಗಿದಾಗ ಜಾರಿ ತೊಟ್ಟಿಗೆ ಬಿತ್ತು. ಮತ್ತೆ ಅದು ಏಳಲಿಲ್ಲ. ಶನಿವಾರಸಂತೆಯಲ್ಲಿ ಹೊಸ ಫೋನ್ ಕೊಂಡಳು. ಅಂಗಡಿಯ ನಿತೇಶ್ ಎಂದಿನಂತೆ ಹೊಸ ಮೇಲ್ ಐಡಿಯನ್ನೂ ಮಾಡಿಕೊಟ್ಟ. ನಮ್ಮ ಕಡೆ ಹಾಗೇ ತಾನೇ, ಫೋನ್ ಹೊಸದಾದರೆ ಐಡಿಯೂ ಹೊಸದು. ಯಾಕೆ ಅಂತ ಯಾರೂ ಕೇಳಲ್ಲ.

ಸಂಜೆ ಹೊಲಿಗೆ ಮಿಷನ್ ಮುಂದೆ ಕೂತು ರವಿಕೆ ಡಿಸೈನಿನ ಆ್ಯಪ್ ತೆರೆದಳು. ದುಡ್ಡು ಕೊಟ್ಟು ಕೊಂಡಿದ್ದ ಡಿಸೈನಿಗೆಲ್ಲ ಬೀಗ! ಮತ್ತೆ ಖರೀದಿಸಿ ಅಂತಿದೆ. ನಾಡಿದ್ದು ನಿಂಗಮ್ಮನ ಮಗಳ ಧಾರೆ. ಮದುಮಗಳು ಆರಿಸಿದ್ದ ನವಿಲಿನ ರವಿಕೆಯ ಅಳತೆ, ನಕ್ಷೆ ಎಲ್ಲ ಆ ಬೀಗದೊಳಗೇ ಇದೆ. ಕಾಳಮ್ಮ ಒಪ್ಪಿಕೊಂಡ ಮೊದಲ ಮದುವೆ ಬಟ್ಟೆ ಅದು. ಇದು ಕೆಟ್ಟರೆ ಇನ್ನು ಯಾರು ಬಟ್ಟೆ ಕೊಡ್ತಾರೆ?

"ನುಂಗಿ ನೀರು ಕುಡಿದ್ರು ಕಣೇ!" ಎಂದು ಪಕ್ಕದ ಮನೆ ರಂಜಿತಾಳ ಮುಂದೆ ಗೋಳಾಡಿದಳು. ರಂಜಿತಾ ಸ್ವಸಹಾಯ ಸಂಘದವರಿಗೆ ಫೋನ್ ಕಲಿಸುವವಳು. "ನೆಟ್ಟಲ್ಲಿ ಒಂದು ನಂಬರ್ ಸಿಕ್ತು. ಓಟಿಪಿ ಹೇಳಿದ್ರೆ ಸರಿ ಮಾಡ್ತಾರಂತೆ," ಎಂದಳು ಕಾಳಮ್ಮ.

"ಅಯ್ಯೋ ಮಾರಾಯ್ತಿ, ಕೆಳಗಿಡು ಫೋನು! ಓಟಿಪಿ ಹೇಳಿದ್ರೆ ಇರೋದೂ ಹೋಗುತ್ತೆ. ಡಿಸೈನ್ ಕೊಂಡಿದ್ದು ಯಾವ ಐಡೀಲಿ?"

"ಹಳೇದ್ರಲ್ಲಿ. ಅದು ಫೋನ್ ಜೊತೆಗೇ ಹೋಯ್ತಲ್ಲ."

"ಫೋನ್ ಹೋದ್ರೆ ಐಡಿ ಯಾಕೆ ಹೋಗುತ್ತೆ? ನೀನು ಕೊಂಡಿದ್ದು ಆ ಐಡಿ ಹೆಸರಲ್ಲಿದೆ, ಫೋನ್ ಹೆಸರಲ್ಲಲ್ಲ."

"ನಂಗಂತೂ ನಂಬಿಕೆ ಇಲ್ಲಮ್ಮ."

ರಂಜಿತಾ ಅವಳ ಪಕ್ಕದಲ್ಲೇ ಕೂತಳು. ಕಾಳಮ್ಮನ ಕೈಯಿಂದಲೇ ಹಳೇ ಮೇಲ್ ಐಡಿ ಹಾಕಿಸಿದಳು. ಪಾಸ್‌ವರ್ಡ್ ಮರೆತಿತ್ತು, ಸಿಮ್ ಹಳೇದೇ ಆದ್ದರಿಂದ ಅದಕ್ಕೆ ಬಂದ ಓಟಿಪಿಯನ್ನು ಕಾಳಮ್ಮನೇ ಹಾಕಿ ಬೇರೆ ಮಾಡಿಕೊಂಡಳು. ಪ್ಲೇಸ್ಟೋರಲ್ಲೂ ಅದೇ ಐಡಿ ಆರಿಸಿ ಆ್ಯಪ್ ತೆರೆದರು. ಸೆಟ್ಟಿಂಗ್ಸಿನಲ್ಲಿ 'ರಿಸ್ಟೋರ್' ಅಂತಿತ್ತು. "ಕೊಂಡಿದ್ದನ್ನ ವಾಪಸ್ ಕೊಡೋ ಬಟನ್ ಇದು. ಒತ್ತು," ಎಂದಳು ರಂಜಿತಾ.

ಚಕ್ರ ತಿರುಗಿತು. ಬೀಗ ಹೋಯಿತು!

"ಬಂತು ಕಣೇ, ನವಿಲು ಬಂತು!" ಕಾಳಮ್ಮನಿಗೆ ಖುಷಿಗೆ ಕಣ್ಣಲ್ಲಿ ನೀರು. ಆಗಲೇ ಕತ್ತರಿ ಹಿಡಿದಳು.

ಧಾರೆಯ ದಿನ ಹೆಂಗಸರು ಮದುಮಗಳನ್ನು ತಿರುಗಿಸಿ ತಿರುಗಿಸಿ ಬೆನ್ನಿನ ಮೇಲಿನ ನವಿಲು ನೋಡಿದ್ದೇ ನೋಡಿದ್ದು. ಮುಂದಿನ ಸಂತೆಗೆ ನಿಂಗಮ್ಮ ಫೋನ್ ಕೊಳ್ಳಲು ಹೋದಾಗ ಕಾಳಮ್ಮನೂ ಜೊತೆಗಿದ್ದಳು. ನಿತೇಶ್ ಹೊಸ ಐಡಿ ಮಾಡಲು ಹೊರಟಿದ್ದೇ ತಡ, ಕೈ ಅಡ್ಡ ಹಿಡಿದಳು. "ನಿಲ್ಲಪ್ಪಾ! ಅವಳ ಹಳೇದನ್ನೇ ಹಾಕು."

ಅಕ್ಕಂದಿರೇ, ಅಣ್ಣಂದಿರೇ, ಅಂಗಡಿಯಲ್ಲಿ ನೀವೂ ಹಾಗೇ ಹೇಳಿ. ಎರಡನೇ ಸಲ ದುಡ್ಡು ಕಟ್ಟುವ ಮುಂಚೆ ರಿಸ್ಟೋರ್ ಒತ್ತಿ ನೋಡಿ. ಓಟಿಪಿಯನ್ನು ಮಾತ್ರ ಯಾರಿಗೂ ಹೇಳಬೇಡಿ. ನಿಮ್ಮ ಮೇಲ್ ಐಡಿ ಯಾವುದು, ಗೊತ್ತಿದೆ ತಾನೇ? ಫೋನ್ ತೊಟ್ಟಿಗೆ ಬೀಳುವ ಮುಂಚೆ ಈಗಲೇ ತೆಗೆದು ನೋಡಿಕೊಳ್ಳಿ.