ಲಾರಿಯಲ್ಲಿ ಬಂದ ಬಚ್ಚಲುಮನೆ

ಸ್ನಾನ ಮಾಡುವುದೂ ಒಂದು ಸುದ್ದಿಯೇ ಎಂದು ನಗಬೇಡಿ. ನಮ್ಮ ಪಕ್ಕದ ಮನೆಯ ಅಕ್ಕನನ್ನು ಕೇಳಿ ನೋಡಿ. ಆರು ವರ್ಷದ ಹಿಂದೆ ಬೆನ್ನಿಗೆ ಪೆಟ್ಟು ಬಿದ್ದು ಕಾಲಿನ ಶಕ್ತಿ ಹೋಯಿತು. ಅಂದಿನಿಂದ ಗಾಲಿಕುರ್ಚಿಯೇ ಗತಿ. ಬಚ್ಚಲಿನ ಬಾಗಿಲೋ ಇಕ್ಕಟ್ಟು, ಒಡೆದು ಅಗಲ ಮಾಡೋಣವೆಂದರೆ ಪಕ್ಕದಲ್ಲೇ ಕಟ್ಟಡದ ಕಂಬ. ನಾನೂ ಎದುರುಮನೆಯವಳೂ ಎತ್ತಿ ಒಳಗೆ ಕೂರಿಸಿದರೆ ಸ್ನಾನ. ನಮಗೆ ಪುರುಸೊತ್ತಿಲ್ಲದಿದ್ದರೆ ಆವತ್ತು ಇಲ್ಲ.

"ನಂಗೆ ಬೇರೇನೂ ಬೇಡ ಕಣೇ. ಯಾರನ್ನೂ ಕರೀದೆ ಒಬ್ಳೇ ಸ್ನಾನ ಮಾಡೋ ಹಾಗಾದ್ರೆ ಸಾಕು" ಎಂದು ಎಷ್ಟೋ ಸಲ ಕಣ್ಣೀರು ಹಾಕಿದ್ದಾಳೆ. ಕೇಳಿ ನನಗೂ ಸಂಕಟವಾಗುತ್ತಿತ್ತು. ನಾನು ಟೈಲರ್, ಬಟ್ಟೆ ಹೊಲಿಯಬಲ್ಲೆ. ಗೋಡೆ ಸರಿಸಲು ಬರುತ್ತದೆಯೇ?

ಅಷ್ಟರಲ್ಲಿ ನಮ್ಮ ಇಪ್ಪತ್ನಾಲ್ಕು ಮನೆಗಳ ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟುವ ಮಾತು ಬಂತು. ಕೋಣೆಗಳನ್ನು ಕಾರ್ಖಾನೆಯಲ್ಲೇ ತಯಾರಿಸಿ, ಲಾರಿಯಲ್ಲಿ ತಂದು, ಕ್ರೇನಿನಿಂದ ಎತ್ತಿ ಜೋಡಿಸುವ ಹೊಸ ವಿಧಾನವಿದೆ, ಅದಕ್ಕೆ ಮಾಡ್ಯುಲರ್ ಅನ್ನುತ್ತಾರೆ ಎಂದು ಕಟ್ಟುವ ಕಂಪನಿಯ ಇಂಜಿನಿಯರ್ ಹುಡುಗಿ ಸಭೆಯಲ್ಲಿ ಹೇಳಿದ್ದೇ ತಡ, ಅಕ್ಕನ ತಮ್ಮ ಎದ್ದು ನಿಂತ. ಮೂವತ್ತು ವರ್ಷ ಮನೆ ಕಟ್ಟಿದ ಮೇಸ್ತ್ರಿ ಅವನು. ಅವನು ಬೇಡವೆಂದರೆ ಇಡೀ ಕಟ್ಟಡವೇ ಬೇಡವೆನ್ನುತ್ತದೆ.

"ಏನಮ್ಮಾ, ಡಬ್ಬ ಜೋಡಿಸಿ ಮನೆ ಅಂತೀಯಾ? ಜೋರು ಗಾಳಿ ಬಂದ್ರೆ ಬೆಳಗ್ಗೆ ಎದ್ದು ಇದ್ಯಾವ ಊರು ಅಂತ ಕೇಳ್ಬೇಕಾಗುತ್ತೆ!"

ಎಲ್ಲರೂ ಗೊಳ್ಳೆಂದು ನಕ್ಕರು. ಹುಡುಗಿಯೂ ನಕ್ಕಳು.

"ಬಂದು ನೋಡಿ, ಆಮೇಲೆ ಬೈಯಿರಿ, ಮೇಸ್ತ್ರಿಗಳೇ. ವ್ಯಾನ್ ನಾನೇ ಕಳಿಸ್ತೀನಿ."

ಹೋದೆವು. ಅಬ್ಬಾ, ಅದೆಂಥಾ ಕಾರ್ಖಾನೆ! ಒಂದೇ ಸೂರಿನಡಿ ಸಾಲಾಗಿ ಕೋಣೆಗಳು. ಒಂದರಲ್ಲಿ ವೈರು ಎಳೆಯುತ್ತಿದ್ದಾರೆ, ಇನ್ನೊಂದರಲ್ಲಿ ಪೈಪಿಗೆ ನೀರು ಬಿಟ್ಟು ಎಲ್ಲಾದರೂ ಸೋರುತ್ತಿದೆಯೇ ಎಂದು ನೋಡುತ್ತಿದ್ದಾರೆ. ಮೇಸ್ತ್ರಿ ಗೋಡೆಗೆ ಗುದ್ದಿ, ಕಿವಿಯಿಟ್ಟು, ಮಟ್ಟಗೋಲು ಹಿಡಿದು ತಪ್ಪು ಹುಡುಕಿದ್ದೇ ಹುಡುಕಿದ್ದು.

"ಲಾರಿಯಲ್ಲಿ ಕುಲುಕಾಡಿದ್ರೂ, ಕ್ರೇನಲ್ಲಿ ನೇತಾಡಿದ್ರೂ ಬಿರುಕು ಬಿಡ್ಬಾರ್ದು ಅಂತ ಲೆಕ್ಕ ಹಾಕೇ ಕಟ್ಟಿರ್ತೀವಿ" ಎಂದಳು ಹುಡುಗಿ. "ಮಳೆ ಬಂದ್ರೂ ಇಲ್ಲಿ ಕೆಲ್ಸ ನಿಲ್ಲಲ್ಲ. ನಿಮ್ಮ ಜಾಗದಲ್ಲಿ ಪಾಯ ಏಳ್ತಿರುವಾಗ್ಲೇ ಇಲ್ಲಿ ಕೋಣೆ ರೆಡಿಯಾಗ್ತಿರುತ್ತೆ. ಧೂಳು, ಗದ್ದಲ, ಸಾಮಾನು ಹಾಳಾಗೋದು ಎಲ್ಲಾ ಕಡಿಮೆ."

"ಅಂದ್ರೆ ಒಬ್ಬಳು ತೋಳು ಹೊಲೀತಿರುವಾಗ ಇನ್ನೊಬ್ಬಳು ಮೈ ಹೊಲೀತಾಳೆ!" ಎಂದೆ ನಾನು. ನನಗಂತೂ ಖುಷಿ ತಡೆಯಲಾಗಲಿಲ್ಲ.

"ಹಾಗಾದ್ರೆ ನಾನು ಮನೇಲಿ ನೊಣ ಹೊಡೀಲಾ?" ಮೇಸ್ತ್ರಿ ಗುರ್ರೆಂದ.

"ಪಾಯ ಯಾರು ಹಾಕ್ತಾರೆ? ಮಟ್ಟ ಒಂಚೂರು ತಪ್ಪಿದ್ರೆ ಕೋಣೆ ಕೂರೋದೇ ಇಲ್ಲ. ನಿಮ್ಮಂಥ ಪಳಗಿದ ಕೈ ಬೇಕೇ ಬೇಕು" ಎಂದಳು ಹುಡುಗಿ.

ಅಷ್ಟರಲ್ಲಿ ಅಕ್ಕ ಮಾದರಿ ಬಚ್ಚಲುಮನೆಯತ್ತ ಕುರ್ಚಿ ತಳ್ಳಿಕೊಂಡು ಹೋಗಿದ್ದಳು. "ಅಯ್ಯೋ!" ಎಂದು ಕೂಗಿದಳು. ಕುರ್ಚಿ ತೂರುತ್ತಿತ್ತು, ಕೈ ತೂರುತ್ತಿರಲಿಲ್ಲ! ಗಾಲಿ ತಿರುಗಿಸುವ ಬೆರಳುಗಳು ಚೌಕಟ್ಟಿಗೆ ಉಜ್ಜಿ ತರಚಿದ್ದವು. ಅಕ್ಕನ ಮುಖ ಸಣ್ಣಗಾಯಿತು.

"ನೋಡಿದ್ರಾ! ಇನ್ನು ಇಪ್ಪತ್ನಾಲ್ಕು ಮನೇನೂ ಹೀಗೇ!" ಮೇಸ್ತ್ರಿ ಗೆದ್ದವನಂತೆ ಕೈ ತಟ್ಟಿದ.

"ಒಂದೂ ಶುರು ಮಾಡಿಲ್ಲ ಇನ್ನೂ!" ಹುಡುಗಿ ಅವನಿಗಿಂತ ಜೋರಾಗಿ ಕೂಗಿದಳು. "ಇದು ಮಾದರಿ. ಈಗ ನಕ್ಷೆ ತಿದ್ದಿದ್ರೆ ಇಪ್ಪತ್ನಾಲ್ಕೂ ಸರಿಯಾಗೇ ಬರುತ್ತೆ. ನಾವು ಕುರ್ಚಿ ಅಳತೆ ತಗೊಂಡ್ವಿ, ಕೈ ಮರೆತ್ವಿ."

"ಮೈಗಂಟಿಸಿ ಹೊಲಿದ್ರೆ ಕೈ ಎತ್ತೋಕಾಗುತ್ತಾ? ಲೂಸ್ ಬಿಡ್ಬೇಕು!" ಎಂದು ನಾನೇ ಟೇಪು ತೆಗೆದೆ. ಅಕ್ಕ ಮೊಣಕೈ ಅಗಲಿಸಿ ಕುಳಿತಳು. ನಕ್ಷೆಯಲ್ಲಿ ಇಪ್ಪತ್ತೆಂಟು ಇಂಚಿನ ಬಾಗಿಲು ಮೂವತ್ತಾರಾಯಿತು. "ಆ ಬೇಸಿನ್ನೂ ಪಕ್ಕಕ್ಕೆ ಹೋಗ್ಲಿ. ಕುರ್ಚಿ ತಿರುಗ್ಬೇಕು" ಎಂದಳು ಅಕ್ಕ. ಬೇಸಿನ್ನೂ ಹೋಯಿತು!

ಮೇಸ್ತ್ರಿ ಟೇಪು ಇಸಿದುಕೊಂಡು ತಾನೇ ಇನ್ನೊಮ್ಮೆ ಅಳೆದು ನೋಡಿದ. ಆಮೇಲೆ ಮೆಲ್ಲಗೆ, "ನಮ್ಮಲ್ಲಿ ಇಂಥದ್ದು ಗೊತ್ತಾಗೋದು ಪ್ಲಾಸ್ಟರ್ ಆದ್ಮೇಲೆ ಕಣಮ್ಮಾ. ಆಗ ಒಡೆಯೋಕೆ ಮನಸ್ಸೂ ಬರಲ್ಲ" ಎಂದ. ಮರುದಿನದ ಸಭೆಯಲ್ಲಿ ಒಪ್ಪಿಗೆಗೆ ಮೊದಲು ಎದ್ದ ಕೈ ಅವನದೇ.

ನಾವೆಲ್ಲ ಹತ್ತಿರದಲ್ಲೇ ಬಾಡಿಗೆ ಮನೆಗಳಿಗೆ ಹೋದೆವು, ಹಳೆಯ ಕಟ್ಟಡ ಕೆಡವಿದರು. ಪಾಯ ಅವನೇ ಹಾಕಿಸಿದ. ಲಾರಿಗಳು ಬಂದ ದಿನ ನಾನು ಅಂಗಡಿಗೇ ಬೀಗ ಹಾಕಿಬಿಟ್ಟೆ! ಕಿಟಕಿ, ಬಾಗಿಲು, ನಲ್ಲಿ ಸಮೇತ ಕೋಣೆಯೊಂದು ಆಕಾಶದಲ್ಲಿ ತೇಲಿ ಬರುತ್ತಿದೆ, ಕೆಳಗೆ ಮೇಸ್ತ್ರಿ "ಎಡಕ್ಕೆ, ಇನ್ನೊಂಚೂರು ಎಡಕ್ಕೆ!" ಎಂದು ಅರಚುತ್ತಿದ್ದಾನೆ. ಕೂತಿತು ನೋಡಿ, ಕೂದಲೆಳೆಯಷ್ಟೂ ಸಂದಿಲ್ಲದೆ! ಕೆಲಸ ಶುರುವಾದ ಐದನೇ ತಿಂಗಳಿಗೆ ಬೀಗದ ಕೈ ನಮ್ಮ ಕೈಯಲ್ಲಿ.

ಮೊದಲ ಬೆಳಗ್ಗೆ ಅಕ್ಕ ತಾನೇ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ಹೊರಗೆ ನಾವೆಲ್ಲ ಕಾಯುತ್ತಾ ನಿಂತಿದ್ದೆವು. ಅರ್ಧ ಗಂಟೆಯಾಯಿತು, ಮುಕ್ಕಾಲಾಯಿತು. ತಡೆಯಲಾರದೆ ಮೇಸ್ತ್ರಿ ಬಾಗಿಲು ಬಡಿದ.

"ಅಕ್ಕಾ, ಏನಾದ್ರೂ ಬೇಕಾ?"

"ಏನೂ ಬೇಡ, ಹೋಗೋ!" ಒಳಗಿನಿಂದ ನೀರಿನ ಸದ್ದು, ನಗು. ಮೇಸ್ತ್ರಿ ಗೋಡೆಗೊರಗಿ ಕಣ್ಣೊರೆಸಿಕೊಂಡ.

ನಿಮ್ಮಲ್ಲೂ ಮನೆ ಕಟ್ಟುವ ಮಾತು ನಡೆಯುತ್ತಿದೆಯೇ? ಮಾಡ್ಯುಲರ್ ವಿಧಾನದ ಬಗ್ಗೆ ವಿಚಾರಿಸಿ. ಲಾರಿ, ಕ್ರೇನು ಬರಲು ದಾರಿ ಸಾಕೇ ಕೇಳಿ. ಮಾದರಿ ಕೋಣೆ ನೋಡದೆ ಒಪ್ಪಬೇಡಿ. ನೋಡಲು ಹೋಗುವಾಗ ಮನೆಯಲ್ಲಿ ಓಡಾಡಲು ಯಾರಿಗೆ ಹೆಚ್ಚು ಕಷ್ಟವೋ ಅವರನ್ನೇ ಮೊದಲು ವ್ಯಾನು ಹತ್ತಿಸಿ!