ಮೊದಲು ಗುಂಡಿ, ಆಮೇಲೆ ಡಬ್ಬಿ

ಬೂಟು ಕಾರ್ಖಾನೆಯ ಅಂಟು ಕೋಣೆಯ ಮೇಸ್ತ್ರಿ ಮಾಲೀಕರಿಗೂ ಹೆದರುವವನಲ್ಲ. ಅವನು ಹೆದರುತ್ತಿದ್ದದ್ದು ಒಂದು ಹಳೆಯ ಅಂಗಿಗೆ. ಸ್ಟೋರಿನ ಬಾಗಿಲಿಗೆ ಮೊಳೆ ಹೊಡೆದು ನೇತುಹಾಕಿದ್ದ ಅಂಗಿ. ಇಪ್ಪತ್ತೆರಡು ವರ್ಷ ಅಟ್ಟೆಗೆ ಅಂಟು ಬಳಿದ ಮನುಷ್ಯ, ಅವನು ಅಂಟಿಸಿದ ಅಟ್ಟೆ ಕಿತ್ತುಬಂತೆಂದು ಒಂದೇ ಒಂದು ದೂರು ಬಂದಿರಲಿಲ್ಲ. ಅಂಥವನು ಆ ಅಂಗಿ ಕಂಡರೆ ಬೇರೆ ದಾರಿ ಹಿಡಿದು ಹೋಗುತ್ತಿದ್ದ.

ಅಂಗಿ ನೇತುಹಾಕಿದವಳು ಸ್ಟೋರಿನಕ್ಕ. ಅಂಟು ತೆಳುವಾಗಿಸುವ ಹೆಕ್ಸೇನ್ ಡ್ರಮ್ಮುಗಳೆಲ್ಲ ಅವಳ ಸುಪರ್ದಿನಲ್ಲಿದ್ದವು. ಕೆಲಸದವರ ಬಾಯಲ್ಲಿ ಅದು ಬರೀ ಥಿನ್ನರ್. ಡ್ರಮ್ಮಿನ ಜೊತೆ ಹದಿನಾಲ್ಕು ಪುಟದ ಎಚ್ಚರಿಕೆಯ ಹಾಳೆ ಬರುತ್ತದೆ. ಬೇರೆ ಕಡೆಯವರು ಅದರಲ್ಲಿ ತಿಂಡಿ ಕಟ್ಟಿಕೊಳ್ಳುತ್ತಾರೆ. ಈ ಮಹಾತಾಯಿ ಅದನ್ನು ಓದಿದ್ದಳು, ಅದೂ ಎರಡು ಸಲ. ಓದಿದ ಮೇಲೆ ಕಾರ್ಖಾನೆಗೆ ನೆಮ್ಮದಿ ಇರಲಿಲ್ಲ. ಪ್ಲಾಸ್ಟಿಕ್ ಡಬ್ಬಿ ತಂದವರನ್ನು ಬಾಗಿಲಿಂದಲೇ ವಾಪಸ್ ಕಳಿಸುತ್ತಿದ್ದಳು. ಫೋನು ಹೊರಗಿನ ಪೆಟ್ಟಿಗೆಯಲ್ಲಿ ಇಡಬೇಕು. ಡ್ರಮ್ಮಿನಿಂದ ನೆಲಕ್ಕೆ ಒಂದು ತಂತಿ, ಡ್ರಮ್ಮಿನಿಂದ ಕಬ್ಬಿಣದ ಡಬ್ಬಿಗೆ ಇನ್ನೊಂದು. ಎರಡೂ ಕಚ್ಚಿದ ಮೇಲೆಯೇ ನಲ್ಲಿ ತಿರುಗುವುದು.

"ನೋಡೋಕೆ ನೀರು, ಗುಣ ಮಾತ್ರ ಒಂದೂ ನೀರಿಂದಲ್ಲ. ಸುರಿಯೋವಾಗಲೇ ತನ್ನಷ್ಟಕ್ಕೆ ಕಿಡಿ ಹುಟ್ಟಿಸ್ಕೊಳ್ಳುತ್ತೆ. ಬೆಂಕಿಕಡ್ಡಿ ತಂದುಕೊಡೋರು ಬೇಕಿಲ್ಲ ಇದಕ್ಕೆ," ಎನ್ನುತ್ತಿದ್ದಳು.

ಬೆಂಕಿಗಿಂತ ಅವಳಿಗೆ ಹೆಚ್ಚು ಭಯವಿದ್ದದ್ದು ಅದರ ಆವಿಯ ಬಗ್ಗೆ. ದಿನವೂ ಆ ಆವಿ ಕುಡಿದವರ ನರ ಸದ್ದಿಲ್ಲದೆ ಸಾಯುತ್ತದೆ, ಕೈಕಾಲಿನ ತುದಿಯಿಂದ ಶುರುವಾಗಿ ಒಳಗೆ ನಡೆಯುತ್ತದೆ. ನೋವಿದ್ದರೆ ಜನ ಕೂಗಿಕೊಳ್ಳುತ್ತಾರೆ, ಜೋಮಿಗೆ ಯಾರು ಕೂಗುತ್ತಾರೆ? ಅದಕ್ಕೇ ಆ ಅಂಗಿ. ಥಿನ್ನರ್ ಬೇಕಾದವರು ಕಣ್ಣು ಮುಚ್ಚಿಕೊಂಡು ಅದರ ಮೂರು ಪುಟ್ಟ ಗುಂಡಿ ಹಾಕಬೇಕು. ಮೊದಲು ಗುಂಡಿ, ಆಮೇಲೆ ಡಬ್ಬಿ. ಹಾಳೆಯಲ್ಲಿ ಎಲ್ಲೂ ಇಲ್ಲದ ಈ ಉಪಾಯ ಅವಳ ಸ್ವಂತದ್ದು. ಅಂಥ ಇನ್ನೊಂದು ತಲೆ ಆ ಕಾರ್ಖಾನೆಯಲ್ಲಿ ಇರಲಿಲ್ಲವೆಂದು ನಾನು ಧಾರಾಳವಾಗಿ ಹೇಳಬಲ್ಲೆ.

ಮೇಸ್ತ್ರಿಗೆ ಆ ಗುಂಡಿ ಹಾಕಲು ಬರದೆ ಎರಡು ತಿಂಗಳಾಗಿತ್ತು.

ಗೊತ್ತಿದ್ದದ್ದು ಅವನೊಬ್ಬನಿಗೇ. ಮೊದಲು ಬೆರಳ ತುದಿಗೆ ತೆಳ್ಳಗೆ ಹತ್ತಿ ಸುತ್ತಿದಂತಾಯಿತು, ಬರಬರುತ್ತ ದಪ್ಪಗಾಯಿತು. ಅಂಟು ಹದಕ್ಕೆ ಬಂತೋ ಇಲ್ಲವೋ ಬೆರಳಿಂದ ತಿಳಿಯುತ್ತಿದ್ದವನು ಈಗ ವಾಸನೆಯಿಂದ ಊಹಿಸುತ್ತಿದ್ದ. ಈ ಸುದ್ದಿ ಹೊರಬಿದ್ದರೆ ಅವನನ್ನು ಬೆಂಚಿನಿಂದ ಎಬ್ಬಿಸಿ ಪೆಟ್ಟಿಗೆ ಹೊರಲು ಹಾಕುತ್ತಾರೆ. ಕೈ ಹೋದರೆ ಮೇಸ್ತ್ರಿ ಎನ್ನುವ ಹೆಸರಲ್ಲಿ ಏನು ಉಳಿಯಿತು? ಬೆಳಿಗ್ಗೆ ಅಂಗಿಯ ಗುಂಡಿಯನ್ನು ಹೆಂಡತಿಯ ಕೈಯಲ್ಲಿ ಹಾಕಿಸಿಕೊಳ್ಳುತ್ತಿದ್ದ. ಅವಳು ಅದೇ ಕಾರ್ಖಾನೆಯ ಮಹಡಿಯಲ್ಲಿ ಚರ್ಮ ಹೊಲಿಯುವವಳು. "ಈ ವಯಸ್ಸಲ್ಲಿ ಏನಪ್ಪಾ ಇದು ನಿಮ್ಮ ಮುದ್ದು!" ಎಂದು ನಾಚಿಕೊಂಡು ಹಾಕುತ್ತಿದ್ದಳು. ಪಾಪ, ಅವಳಿಗೇನು ಗೊತ್ತು.

ಥಿನ್ನರ್ ತರಲು ಅವನು ಹೊಸಬಳನ್ನು ಕಳಿಸುತ್ತಿದ್ದ. ಎರಡು ಮಕ್ಕಳ ತಾಯಿ, ಕೆಲಸಕ್ಕೆ ಸೇರಿ ಎಂಟು ತಿಂಗಳು, ಕೋಣೆಯ ಮೂಲೆಯಲ್ಲಿ ಅವಳ ಜಾಗ. ಅವಳ ಬೆನ್ನ ಹಿಂದೆ, ನೆಲದಿಂದ ಒಂದು ಗೇಣು ಮೇಲೆ, ಗಾಳಿ ಹೊರಗೆ ಎಳೆಯುವ ಫ್ಯಾನು. ಆವಿ ಭಾರ, ನೆಲ ಹಿಡಿದು ಹರಿಯುತ್ತದೆ. ಅದಕ್ಕೇ ಸ್ಟೋರಿನಕ್ಕ ಮಾಲೀಕರ ಹಿಂದೆ ಬಿದ್ದು ಅದನ್ನು ಅಷ್ಟು ಕೆಳಗೆ ಹಾಕಿಸಿದ್ದಳು. ಆದರೆ ಆ ಗಾಳಿಗೆ ಅಂಟು ಬೇಗ ಕೆನೆಗಟ್ಟುತ್ತದೆ, ಅಟ್ಟೆ ಕೂರುವುದಿಲ್ಲ. ಬೇರೆ ಯಾರಿಗೂ ಇದು ತಿಳಿಯದು, ಒಳ್ಳೆಯ ಕೆಲಸಗಾರನಿಗೆ ಮಾತ್ರ ತಿಳಿಯುವ ಸೂಕ್ಷ್ಮ. ಅವನು ಒಳ್ಳೆಯ ಕೆಲಸಗಾರನಾದ್ದರಿಂದಲೇ ಫ್ಯಾನಿನ ಹೊರಬಾಯಿಗೆ ಗೋಣಿಚೀಲ ತುರುಕಿದ್ದ. ಫ್ಯಾನು ಗುಯ್ ಎನ್ನುತ್ತಲೇ ಇತ್ತು. ಗಾಳಿ ಮಾತ್ರ ಅಲುಗುತ್ತಿರಲಿಲ್ಲ.

ಒಂದು ಸೋಮವಾರ ಹೊಸಬಳು ಬರಿಗೈಯಲ್ಲಿ ಬಂದಳು. "ಇನ್ಮೇಲೆ ಮೇಸ್ತ್ರಿನೇ ಬಂದು ತಗೊಂಡು ಹೋಗಬೇಕಂತೆ, ಅಣ್ಣ."

ಹೋದ. ಕಣ್ಣು ಮುಚ್ಚಿದ. ಗುಂಡಿ ಸಿಕ್ಕಿತೋ, ಬರೀ ಬಟ್ಟೆಯೋ ತಿಳಿಯಲಿಲ್ಲ. ಬೆವರು ಕಿತ್ತುಕೊಂಡು ಬಂತು. ಕೊನೆಗೆ ರೇಗಿದ. "ನಾನೇನು ದರ್ಜಿನಾ? ಡಬ್ಬಿ ಕೊಡ್ತೀಯೋ ಇಲ್ವೋ?"

ಹಿಂದೆ ಇಬ್ಬರು ಸಾಲಿನಲ್ಲಿ ನಿಂತಿದ್ದರು. ಅವಳು ಅವರ ಕಡೆ ನೋಡಿ, "ನಲ್ಲಿ ಸೋರ್ತಿದೆ, ಆಮೇಲೆ ಬನ್ನಿ," ಎಂದು ಕಳಿಸಿ ಬಾಗಿಲು ಮುಂದೆ ಮಾಡಿದಳು. ಅವನ ಮಾನ ಉಳಿಸಿದಳು ಎಂಬುದು ಅವನಿಗೆ ಆಗ ಹೊಳೆಯಲಿಲ್ಲ.

"ಎಷ್ಟು ದಿನದಿಂದ?" ಎಂದಳು.

"ಏನು ಎಷ್ಟು ದಿನ? ಚಳಿಗೆ ಬೆರಳು ಸೆಟೆದಿದೆ ಅಷ್ಟೇ."

"ನಿಲ್ಲಿಸಿದ್ರೆ ನಿಧಾನಕ್ಕೆ ವಾಪಸ್ ಬರುತ್ತೆ. ಶುರುವಿನಲ್ಲಿ ಇನ್ನೂ ಜಾಸ್ತಿ ಆದ ಹಾಗೆ ಅನ್ನಿಸುತ್ತೆ, ಹೆದರ್ಬೇಡಿ. ನಿಲ್ಲಿಸದೆ ಹೋದ್ರೆ ಗೋಡೆ ಹಿಡ್ಕೊಂಡು ನಡೀತೀರಿ. ಡಾಕ್ಟರ್ ಹತ್ರ ಹೋಗಿ. ನಾನು ಯಾರಿಗೂ ಹೇಳಲ್ಲ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ಅವನು. ಬಾಯಿಗೆ ಬಂದದ್ದು ಅಂದು ಹೊರಟು ಬಂದ. ಅವಳು ಅವನ ಹಿಂದೆಯೇ ಅಂಟು ಕೋಣೆಗೆ ಬಂದು, ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಫ್ಯಾನಿನ ಮುಂದೆ ಅಂಗೈ ಹಿಡಿದಳು. ಗಾಳಿಯಿಲ್ಲ. ಎದ್ದು ಹಿತ್ತಿಲಿಗೆ ಹೋದಳು. ಬಂದಾಗ ಕೈಯಲ್ಲಿ ಗೋಣಿಚೀಲವಿತ್ತು. ಯಾರು ತುರುಕಿದ್ದೆಂದು ಕೇಳದೆ, ನೇರವಾಗಿ ಹೋಗಿ ಸ್ಟೋರಿಗೆ ಬೀಗ ಹಾಕಿದಳು.

ಅರ್ಧ ಗಂಟೆಯಲ್ಲಿ ಕೆಲಸ ನಿಂತಿತು. ಮಾಲೀಕರು ಓಡಿಬಂದರು. ಶನಿವಾರಕ್ಕೆ ಎಂಟುನೂರು ಜೊತೆ ಬೂಟು ಹೋಗಬೇಕಿತ್ತು. ಮಹಡಿಯವರೂ ಇಳಿದು ಬಂದು ಬಾಗಿಲಲ್ಲಿ ನಿಂತರು, ಮೇಸ್ತ್ರಿಯ ಹೆಂಡತಿಯೂ.

"ಬೀಗ ಹಾಕೋಕೆ ನೀನು ಯಾರಮ್ಮಾ?"

"ಇಲ್ಲಿ ಎಷ್ಟೋ ದಿನದಿಂದ ಗಾಳಿ ಆಡಿಲ್ಲ, ಸಾರ್. ಎಲ್ಲರನ್ನೂ ಡಾಕ್ಟರ್ ನೋಡೋವರೆಗೂ ಒಂದು ತೊಟ್ಟೂ ಕೊಡಲ್ಲ."

"ಯಾರು ತುರುಕಿದ್ದು ಅದನ್ನ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ, ಮೇಸ್ತ್ರಿ ಕೈಯೆರಡನ್ನೂ ಬೆನ್ನ ಹಿಂದೆ ಬಚ್ಚಿಟ್ಟ.

"ವಾರಕ್ಕೊಮ್ಮೆ ಹೊರಗಿನಿಂದ ನೋಡಬೇಕಾಗಿದ್ದವಳು ನಾನು. ನೋಡಲಿಲ್ಲ. ತಪ್ಪು ನನ್ನದೇ," ಎಂದಳು ಸ್ಟೋರಿನಕ್ಕ.

"ಹಾಗಾದ್ರೆ ಬೀಗದ ಕೈ ಇಲ್ಲಿಟ್ಟು ಮನೆಗೆ ಹೋಗು."

ಅವಳು ಸೊಂಟದಿಂದ ಬೀಗದ ಕೈ ತೆಗೆದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬುದನ್ನು ಮೇಸ್ತ್ರಿ ಕಣ್ಣಾರೆ ಕಂಡ. ಒಂದು ಮಾತು ಹೇಳಿ ಅವಳು ಪಾರಾಗಬಹುದಿತ್ತು. ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದಳು, ಹೇಳಲಿಲ್ಲ. ಅವಳ ಮುಂದೆ ತಾನು ಎಷ್ಟು ಸಣ್ಣವನು ಎನಿಸಿ ಅವನು ಬೆನ್ನ ಹಿಂದಿದ್ದ ಕೈಗಳನ್ನು ಮುಂದೆ ತಂದ.

"ಗೋಣಿ ತುರುಕಿದ್ದು ನಾನು," ಎಂದ. "ಅಂಟು ಕೆನೆಗಟ್ಟುತ್ತೆ ಅಂತ. ನನ್ನ ಕೈ ಸತ್ತಿದೆ, ಸಾರ್. ಎರಡು ತಿಂಗಳಾಯ್ತು. ಮನೇಲಿ ಗುಂಡಿ ಹಾಕೋದು ಕೂಡ ನನ್ನ ಹೆಂಡ್ತಿನೇ." ಬಾಗಿಲಲ್ಲಿದ್ದ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಅಕ್ಕನ್ನ ಕಳಿಸಿದ್ರೆ ನಮ್ಮನ್ನ ಕಾಯೋರು ಯಾರೂ ಇರಲ್ಲ."

ಮಾಲೀಕರು ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಆಗ ಮೂಲೆಯಿಂದ ಹೊಸಬಳ ದನಿ ಬಂತು.

"ಅಣ್ಣ, ನಂಗೆ ಕೈ ಸರಿಯಾಗಿದೆ. ಕಾಲು... ಮೆಟ್ಟಿಲು ಹತ್ತೋವಾಗ ಚಪ್ಪಲಿ ಎಲ್ಲಿ ಜಾರಿ ಬಿತ್ತು ಅಂತಾನೇ ಗೊತ್ತಾಗಲ್ಲ. ನಿಂತು ನಿಂತು ಹೀಗಾಗಿರಬೇಕು ಅಂದ್ಕೊಂಡಿದ್ದೆ."

ಸ್ಟೋರಿನಕ್ಕನ ಮುಖ ಕಪ್ಪಿಟ್ಟಿತು. "ಅಯ್ಯೋ, ನಾನು ಬರೀ ಕೈ ನೋಡ್ದೆ," ಎಂದಳು.

ಮೇಸ್ತ್ರಿ ಹೊಸಬಳ ಮುಂದೆ ನೆಲದ ಮೇಲೆ ಕೂತ. ಯಾರ ಮುಂದೆಯೂ ಬಗ್ಗದವನು, ಅಷ್ಟು ಜನರ ಎದುರು, ಅಳತೆ ತೆಗೆಯುವವನಂತೆ ಅವಳ ಪಾದವನ್ನು ಮಂಡಿಯ ಮೇಲೆ ಇರಿಸಿಕೊಂಡ. ಹೆಬ್ಬೆರಳು ಹಿಡಿದು ಗಟ್ಟಿಯಾಗಿ ಒತ್ತಿದ.

"ಗೊತ್ತಾಗುತ್ತಾ, ತಾಯಿ?"

"ಮುಟ್ಟಿದ್ರಾ ಅಣ್ಣ?" ಎಂದು ಕೇಳಿದಳು ಅವಳು.

ಅವನು ತನ್ನ ಬೆರಳುಗಳನ್ನೇ ನೋಡಿದ. ಮುಟ್ಟಿದ್ದಾನೆಂದು ಕಣ್ಣಿಂದಲೇ ನೋಡಿ ತಿಳಿಯಬೇಕಾಯಿತು.