ಕುರುಮಯ್ಯನ ನಡಿಗೆ

ಮಕ್ತಲ್ ದಾರಿಯ ಕುರುಬರ ಹಟ್ಟಿಯಲ್ಲಿ ಕುರುಮಯ್ಯನ ನಡಿಗೆ ಯಾರಿಗೆ ಗೊತ್ತಿರಲಿಲ್ಲ ಹೇಳಿ! ನಿಜಾಮ ಸರ್ಕಾರದ ತಹಶೀಲ್ದಾರರ ಡೇರೆ ಹೊತ್ತು ಬಿಟ್ಟಿ ದುಡಿಯುವಾಗ ಮೊಣಕಾಲು ಮುರಿದುಕೊಂಡವನು, ಕೋಲೂರಿ, ಎಡಗಾಲು ಎಳೆದು, ಒಂದು ಗಳಿಗೆ ನಿಂತು ಮುಂದಿನ ಹೆಜ್ಜೆ ಇಡುತ್ತಿದ್ದ. ಮೂರು ವರ್ಷದ ಮೊಮ್ಮಗಳು ಬೀರಮ್ಮ ದಿನವಿಡೀ ಅವನ ಹಿಂದೆಯೇ. ಉಗಾದಿಯ ಮರುವಾರ ಅವನು ತೀರಿಕೊಂಡ. ಅದಾದ ಮೇಲೆ ಹುಡುಗಿ ಕುಂಟತೊಡಗಿದಳು.

ಅದು ಅಜ್ಜನ ನಡಿಗೆಯೇ ಎಂದು ಅವನ ಹೆಂಡತಿ ಬಾಲಮ್ಮನಿಗೆ ಮೊದಲ ದಿನವೇ ತಿಳಿದಿತ್ತು. ಮೊಮ್ಮಗಳು ಜೋಳದ ದಂಟು ಊರಿ ಅಂಗಳ ದಾಟುವಾಗ ಗಂಡನೇ ದಾಟಿದಂತಾಗಿ ಮುದುಕಿಯ ಜೀವ ಹಿಗ್ಗುತ್ತಿತ್ತು. ಬಿಡಿಸಬೇಕಿತ್ತು, ಬಿಡಿಸಲಿಲ್ಲ. ನಾಲ್ಕು ದಿನ ಕಣ್ತುಂಬ ನೋಡಿಕೊಳ್ಳುತ್ತೇನೆ ಅಂದುಕೊಂಡಳು. ನಾಲ್ಕು ದಿನ ಹೋಗಿ ಎರಡು ತಿಂಗಳಾಯಿತು.

ಸೊಸೆ ಹಣಮಮ್ಮ ಮಾತ್ರ ಮಾವನ ಕಾಲಿನ ಪೀಡೆಯೇ ಕೂಸಿಗೆ ಇಳಿದಿದೆ ಎಂದು ಹೆದರಿ ಸೊರಗಿದಳು. ಎಣ್ಣೆ ತಿಕ್ಕಿದಳು, ಬೀರಪ್ಪನಿಗೆ ಹರಕೆ ಹೊತ್ತಳು. ಕಡೆಗೆ ಮಗ ತಾಯಪ್ಪ ಧನ್ವಾಡದಿಂದ ಮೊಗುಲಪ್ಪನನ್ನು ಕರೆತಂದ. ಕುರಿಗಾಗಲಿ ಕೂಸಿಗಾಗಲಿ ಆ ಪುಣ್ಯಾತ್ಮನದು ಒಂದೇ ಮದ್ದು: ಕಾದ ಕಬ್ಬಿಣದ ಬರೆ.

ಕೆಂಡದಲ್ಲಿ ಕುಡುಗೋಲಿನ ತುದಿ ಕೆಂಪಾಯಿತು. ತಾಯಪ್ಪ ಮಗಳ ಕಾಲು ಒತ್ತಿ ಹಿಡಿದ. ಕುಡುಗೋಲು ಹತ್ತಿರ ಬರುವುದನ್ನು ಕಂಡೇ ಕೂಸು ಕಿರುಚಿಕೊಂಡಿತು.

"ಬಿಡೋ ತಾಯಪ್ಪಾ! ಕಾಲಿಗೆ ಏನೂ ಆಗಿಲ್ಲೋ!" ಬಾಲಮ್ಮ ಓಡಿಬಂದು ಕೂಸನ್ನು ಎಳೆದುಕೊಂಡಳು. "ನಿಮ್ಮಪ್ಪನಂಗ ನಡಿಯಾಕತ್ತೈತಿ ಅಷ್ಟ. ನನಗ ಗೊತ್ತಿತ್ತು. ನೋಡೋ ಆಸೆಗೆ ಸುಮ್ಮ ಕುಂತೆ. ನನ್ನ ಬಾಯಾಗ ಮಣ್ಣು ಬೀಳ!"

"ಏನ್ ಮಾತಾಡ್ತೀಯವ್ವಾ!" ತಾಯಪ್ಪ ನಂಬಲಿಲ್ಲ.

ಬಾಲಮ್ಮ ಕೂಸಿನ ಕಣ್ಣೊರೆಸಿ ಕೇಳಿದಳು: "ಬೀರವ್ವಾ, ಅಜ್ಜ ಹೆಂಗ ನಡೀತಿದ್ದ?"

ಕೂಸು ಬಿಕ್ಕುತ್ತಲೇ ಎಡಗಾಲು ಎಳೆದು ತೋರಿಸಿತು.

"ಅವ್ವ ನೀರು ತರಾಕ ಹೆಂಗ ಹೋಗ್ತಾಳ?"

ಇಲ್ಲದ ಕೊಡಕ್ಕೆ ಒಂದು ಕೈ ಎತ್ತಿ ಹಿಡಿದು, ಬೆನ್ನು ನೆಟ್ಟಗೆ ಮಾಡಿ, ಎರಡೂ ಕಾಲು ಸರಸರ ಇಡುತ್ತಾ ಕೂಸು ಬಾಗಿಲತನಕ ನಡೆದುಹೋಯಿತು. ಹಣಮಮ್ಮ ಅಳುತ್ತಲೇ ನಕ್ಕಳು. ಮೊಗುಲಪ್ಪ ಗೊಣಗುತ್ತಾ ಕೆಂಡಕ್ಕೆ ನೀರು ಸುರಿದ.

"ಇನ್ನ ಮ್ಯಾಲೆ ಹಿಂಗ ನಡಿ, ನನ್ನ ಬಂಗಾರ. ಅಜ್ಜನಂಗ ಬ್ಯಾಡ," ಅಂದ ಬಾಲಮ್ಮ ಕಂಬಕ್ಕೆ ಒರಗಿ ಗಳಗಳನೆ ಅತ್ತಳು.

"ಕಾಲು ಚಲೋ ಐತಲ್ಲತ್ತಿ, ಯಾಕ ಅಳ್ತೀರಿ?" ಸೊಸೆ ಕೇಳಿದಳು.

"ನಿಮ್ಮ ಮಾವ ಇಷ್ಟು ದಿನ ಮನ್ಯಾಗ ಇದ್ರವ್ವಾ. ಇವತ್ತ ಹೋದ್ರು."